ತಲೆಯ ಮೇಲಿನ ಬೆಳಕು, ಸೊಂಟದ ಮೇಲಿನ ಭಾರ

ನಮ್ಮ ಸಾಸ್ವೆಹಳ್ಳಿ ಕಡೆ ‘ಬ್ಯಾಟ್ರಿ’ ಅಂದ್ರೆ ಟಾರ್ಚು. ಅದರ ಒಳಗೆ ಹಾಕೋದು ‘ಶೆಲ್ಲು’. “ತ್ವಾಟಕ್ಕೆ ಹೋಗೋದಾದ್ರೆ ಬ್ಯಾಟ್ರಿ ತಗಂಡು ಹೋಗು, ಶೆಲ್ಲು ವೀಕಾಗೈತೆ ನೋಡ್ಕ” ಅನ್ನೋದು ನಮ್ಮ ಮನೆಗಳಲ್ಲಿ ದಿನಾ ಸಂಜೆ ಕೇಳೋ ಮಾತು. ನಿಮ್ಮ ಕಡೆಯೂ ಹೀಗೇ ಇರಬಹುದು. ಇಂಗ್ಲಿಷಿನವರು ಬ್ಯಾಟರಿ ಅನ್ನೋದನ್ನ ನಾವು ಶೆಲ್ಲು ಅಂದ್ವಿ, ಅವರು ಟಾರ್ಚ್ ಅನ್ನೋದನ್ನ ಬ್ಯಾಟ್ರಿ ಅಂದ್ವಿ. ಮೊದಲು ಇದು ತಪ್ಪು ಪ್ರಯೋಗ ಅಂತ ನಗು ಬರ್ತಿತ್ತು. ಈಗ ಯೋಚಿಸಿದರೆ ಅದರಲ್ಲೊಂದು ವಿವೇಕ ಕಾಣುತ್ತೆ. ಶೆಲ್ಲು ಖಾಲಿಯಾದ ಟಾರ್ಚು ಬರೀ ತಗಡಿನ ಕೊಳವೆ ತಾನೇ? ಹಾಗಾಗಿ ಇಡೀ ವಸ್ತುವಿಗೇ ಅದರ ಜೀವದ ಹೆಸರಿಟ್ಟಿದ್ದಾರೆ ನಮ್ಮ ಜನ :)

ಈ ಮಾತು ಈಗ ಯಾಕೆ ಬಂತು ಅಂದ್ರೆ, ಕೆಲವು ತಿಂಗಳಿಂದ ನಾನು ‘ಆಗ್ಮೆಂಟೆಡ್ ರಿಯಾಲಿಟಿ’ ಹೆಡ್‌ಸೆಟ್‌ಗಳ ಬಗ್ಗೆ ಸಿಕ್ಕಿದ್ದೆಲ್ಲ ಓದ್ತಾ ಇದೀನಿ. ಕಣ್ಣಿಗೆ ಹಾಕಿಕೊಂಡರೆ ಎದುರಿನ ಜಗತ್ತೂ ಕಾಣುತ್ತೆ, ಅದರ ಮೇಲೆ ಕಂಪ್ಯೂಟರ್ ಬರೆದ ಅಕ್ಷರ, ಚಿತ್ರಗಳೂ ಕಾಣುತ್ವೆ. ಅವುಗಳ ಪರದೆ, ಕ್ಯಾಮೆರಾ, ಚಿಪ್ಪುಗಳ ಬಗ್ಗೆ ಪುಟಗಟ್ಟಲೆ ಬರೆದಿರ್ತಾರೆ. ಕೊನೆಯ ಸಾಲಿನಲ್ಲಿ ಸಣ್ಣಕ್ಕೆ ಒಂದು ವಾಕ್ಯ ಇರುತ್ತೆ: ಬ್ಯಾಟರಿ ಬಾಳಿಕೆ ಎರಡು ಗಂಟೆ. ಅಥವಾ ಮೂರು. ನನಗೆ ಕುತೂಹಲ ಹುಟ್ಟಿದ್ದು ಆ ಸಾಲಿನ ಬಗ್ಗೆ. ಮನುಷ್ಯ ತಲೆಯ ಮೇಲೆ ಯಂತ್ರ ಹೊತ್ತುಕೊಂಡು ಅದಕ್ಕೆ ವಿದ್ಯುತ್ತು ಉಣಿಸೋದು ಇದೇ ಮೊದಲಲ್ಲ. ಅದರ ಚರಿತ್ರೆಯ ಒಂದು ಮುಖ್ಯ ಎಳೆ ನಮ್ಮ ಕರ್ನಾಟಕದ ನೆಲದಡಿಯಲ್ಲೇ ಹಾದುಹೋಗಿದೆ, ಕೋಲಾರದ ಚಿನ್ನದ ಗಣಿಯಲ್ಲಿ. ಇನ್ನೊಂದು ಎಳೆ ನಮ್ಮ ದೊಡ್ಡಪ್ಪನ ಅಂಗಿ ಜೇಬಿನಲ್ಲಿತ್ತು. ಎರಡನ್ನೂ ಹೇಳ್ತೀನಿ.

ಮೊದಲು ಲೆಕ್ಕದ ವಿಷಯ ಮುಗಿಸಿಬಿಡೋಣ. ನಮ್ಮ ಕಡೆಯವರಿಗೆ ಕೆರೆಯ ಉದಾಹರಣೆ ಸುಲಭ. ಕೆರೆಯಲ್ಲಿ ಎಷ್ಟು ನೀರು ಹಿಡಿಯುತ್ತೆ ಅನ್ನೋದು ಬ್ಯಾಟರಿಯ ಸಾಮರ್ಥ್ಯ. ಇದನ್ನು ವ್ಯಾಟ್-ಅವರ್ ಅಂತ ಅಳೀತಾರೆ. ತೂಬನ್ನು ಎಷ್ಟು ಎತ್ತಿದ್ದೀರಿ ಅನ್ನೋದು ಯಂತ್ರ ಎಳೆಯುವ ಶಕ್ತಿ, ಇದು ವ್ಯಾಟ್. ಕೆರೆಯನ್ನು ತೂಬಿನಿಂದ ಭಾಗಿಸಿದರೆ ಎಷ್ಟು ಹೊತ್ತು ನೀರು ಹರಿಯುತ್ತೆ ಅಂತ ಗೊತ್ತಾಗುತ್ತೆ. ಇಷ್ಟೇ. ಹೆಚ್ಚು ಹೊತ್ತು ನೀರು ಬೇಕು ಅಂದ್ರೆ ಮೂರೇ ದಾರಿ. ಕೆರೆ ದೊಡ್ಡದು ಮಾಡಬೇಕು, ಇಲ್ಲಾ ತೂಬು ಇಳಿಸಬೇಕು, ಇಲ್ಲಾ ನಮ್ಮ ಸಾಸ್ವೆಹಳ್ಳಿ ಏತ ನೀರಾವರಿ ಯೋಜನೆಯ ಹಾಗೆ ಹೊರಗಿಂದ ನೀರೆತ್ತಿ ತಂದು ಕೆರೆ ತುಂಬಿಸ್ತಾ ಇರಬೇಕು. ಮುಂದೆ ಹೇಳೋ ಕಥೆಯೆಲ್ಲ ಈ ಮೂರು ದಾರಿಗಳದ್ದೇ.

* * *

ಕೋಲಾರದ ಗಣಿಗೂ ವಿದ್ಯುತ್ತಿಗೂ ಇರೋ ನಂಟು ಶಾಲೆಯಲ್ಲೇ ಓದಿರ್ತೀರಿ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರ ತಂತಿಯ ಮೇಲೆ ಹೋಗಿ ಕೆಜಿಎಫ್ ತಲುಪಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಂದ್ರೆ ರಾಜಧಾನಿಗಿಂತ ಮುಂಚೆ ಕರೆಂಟು ಕಂಡಿದ್ದು ಗಣಿ.

ಆದರೆ ಆ ಕರೆಂಟಿಗೆ ತಂತಿ ಬೇಕು. ಬಂಡೆಯ ಸಂದಿಯಲ್ಲಿ ಕೂತು, ಕುಕ್ಕರುಗಾಲಲ್ಲಿ ತೂರಿ, ಏಣಿ ಹತ್ತಿ ಇಳಿಯೋ ಮನುಷ್ಯನ ಹಿಂದೆ ತಂತಿ ಎಳೆದುಕೊಂಡು ಹೋಗೋದಕ್ಕೆ ಆಗಲ್ಲ. ಚಿನ್ನದ ಗಣಿಗಳಂಥ ಗಟ್ಟಿ ಬಂಡೆಯ ಗಣಿಗಳಲ್ಲಿ ಜಗತ್ತಿನ ಎಲ್ಲ ಕಡೆ ಮೊದಲು ಇದ್ದಿದ್ದು ಮೇಣದಬತ್ತಿ. 1900ರ ಸುಮಾರಿಗೆ ಕಾರ್ಬೈಡ್ ದೀಪ ಬಂತು. ಕಾರ್ಬೈಡ್ ಹರಳಿನ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತೆ, ಅದು ಉರಿಯುತ್ತೆ. ಬೆಳಕೇನೋ ಚೆನ್ನಾಗಿತ್ತು. ಆದ್ರೆ ತೆರೆದ ಬೆಂಕಿ. ಚಿನ್ನದ ಗಣಿಯಲ್ಲಿ ಅದು ಹೇಗೋ ನಡೀತಿತ್ತು, ಕಲ್ಲಿದ್ದಲ ಗಣಿಯಲ್ಲಿ ಅದೇ ಯಮ. ಅಲ್ಲಿನ ಮೀಥೇನ್ ಅನಿಲಕ್ಕೆ ಒಂದು ಕಿಡಿ ಸಾಕು.

1912ರ ಮಾರ್ಚಿಯಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಜೆಡ್ ಗಣಿಯಲ್ಲಿ ಸ್ಫೋಟವಾಗಿ 80ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಅಲ್ಲಿನ ಗಣಿ ಇಲಾಖೆಯ ಇಬ್ಬರು ಎಂಜಿನಿಯರುಗಳು, ಜಾನ್ ರಯಾನ್ ಮತ್ತು ಜಾರ್ಜ್ ಡೈಕ್, ಕೆಲಸ ಬಿಟ್ಟು ಗಣಿ ಸುರಕ್ಷತೆಯ ಸಾಮಾನು ಮಾಡುವ ಕಂಪನಿ ಶುರು ಮಾಡಿ ಥಾಮಸ್ ಎಡಿಸನ್‌ನ ಬಾಗಿಲು ತಟ್ಟಿದರು. ಎಡಿಸನ್ ಅಷ್ಟು ಹೊತ್ತಿಗೆ ಕರೆಂಟು ಕಾರಿಗೆ ಅಂತ ನಿಕಲ್-ಕಬ್ಬಿಣದ ಬ್ಯಾಟರಿ ಮಾಡಿಟ್ಟುಕೊಂಡಿದ್ದ. ಕಾರಿನ ವ್ಯಾಪಾರ ಅಂದುಕೊಂಡ ಹಾಗೆ ನಡೆಯಲಿಲ್ಲ, ಬ್ಯಾಟರಿ ಮಾತ್ರ ಗಣಿಗಾರನ ಸೊಂಟಕ್ಕೆ ಬಂತು. 1914ರಲ್ಲಿ ಹೊರಬಂದ ಆ ದೀಪದಲ್ಲಿ ಬಲ್ಬು ಟೋಪಿಯ ಮೇಲೆ, ಬ್ಯಾಟರಿ ಬೆಲ್ಟಿಗೆ, ಎರಡರ ನಡುವೆ ಬೆನ್ನಿನ ಮೇಲೆ ಒಂದು ವೈರು. ಒಮ್ಮೆ ಚಾರ್ಜ್ ಮಾಡಿದರೆ 12 ಗಂಟೆ ಬೆಳಕು.

ಆ 12 ಅನ್ನೋ ಸಂಖ್ಯೆ ಎಲ್ಲಿಂದ ಬಂತು ಅಂತ ಸ್ವಲ್ಪ ನಿಂತು ನೋಡಿ. ಬ್ಯಾಟರಿಯಿಂದ ಬಂದಿದ್ದಲ್ಲ. ಮನುಷ್ಯ ಎಷ್ಟು ಹೊತ್ತು ಭೂಮಿಯೊಳಗೆ ಇರ್ತಾನೆ ಅನ್ನೋದರಿಂದ ಬಂದಿದ್ದು. ಪಾಳಿ ಮುಗಿಯೋವರೆಗೆ ದೀಪ ಆರಬಾರದು, ಪಾಳಿ ಮುಗಿದ ಮೇಲೂ ಏನಾದರೂ ಅನಾಹುತವಾಗಿ ಒಳಗೇ ಸಿಕ್ಕಿಹಾಕಿಕೊಂಡರೆ ಇನ್ನೂ ಸ್ವಲ್ಪ ಹೊತ್ತು ಬೆಳಕಿರಬೇಕು. ನಮ್ಮ ದೇಶದ 1952ರ ಗಣಿ ಕಾಯ್ದೆ ಭೂಮಿಯೊಳಗಿನ ಕೆಲಸಕ್ಕೆ ದಿನಕ್ಕೆ 8 ಗಂಟೆಯ ಮಿತಿ ಹಾಕಿತ್ತು. ಹಾಗಾದ್ರೆ ದೀಪ ಅದಕ್ಕಿಂತ ಜಾಸ್ತಿ ಹೊತ್ತು ಉರೀಬೇಕು. ಮೊದಲು ಮನುಷ್ಯನ ದಿನವನ್ನು ಅಳೆದರು, ಆಮೇಲೆ ಬ್ಯಾಟರಿ ಕಟ್ಟಿದರು. ತೂಕ ಎಷ್ಟಾದರೂ ಆಗಲಿ ಅಂದರು.

ತೂಕ ಆಗಿಯೇ ಆಯಿತು. ನಂತರದ ದಶಕಗಳಲ್ಲಿ ಗಣಿಗಳಲ್ಲಿ ಮಾಮೂಲಾದದ್ದು ಸೀಸ-ಆಮ್ಲದ ಬ್ಯಾಟರಿ, ಅಂದ್ರೆ ನಮ್ಮ ಟ್ರ್ಯಾಕ್ಟರಿನ ಬ್ಯಾಟರಿಯ ಚಿಕ್ಕ ತಮ್ಮ. ಸಾಮಾನ್ಯವಾಗಿ 4 ವೋಲ್ಟ್, 16 ಆಂಪಿಯರ್-ಅವರ್. ಗುಣಿಸಿದರೆ 64 ವ್ಯಾಟ್-ಅವರ್. ತೂಕ ಎರಡು ಕೆಜಿಯ ಆಸುಪಾಸು. ಬಲ್ಬು ಎಳೀತಿದ್ದದ್ದು ಸುಮಾರು 4 ವ್ಯಾಟ್. ಭಾಗಿಸಿ ನೋಡಿ, ಒಂದು ಪಾಳಿ ದಾಟಿ ಇನ್ನೂ ಒಂದು ಪಾಳಿಗೆ ಆಗೋಷ್ಟು ಮಿಗುತ್ತೆ. ಇದನ್ನು ತಲೆಯ ಮೇಲೆ ಹೊರೋಕೆ ಯಾರ ಕತ್ತಿಗೂ ತಾಕತ್ತಿಲ್ಲ. ಜೊತೆಗೆ ಒಳಗಿರೋದು ಆಮ್ಲ, ಚೆಲ್ಲಿದರೆ ಬಟ್ಟೆಗೂ ಚರ್ಮಕ್ಕೂ ಕಂಟಕ. ಹಾಗಾಗಿ ಸೊಂಟವೇ ಸರಿ. ಮನುಷ್ಯನ ಮೈಯಲ್ಲಿ ಭಾರ ಹೊರೋಕೆ ಅತ್ಯಂತ ಯೋಗ್ಯ ಜಾಗ ಅದು ಅಂತ ಕೊಡ ಹೊತ್ತ ನಮ್ಮ ಹೆಣ್ಣುಮಕ್ಕಳಿಗೆ ಯಾವ ಎಂಜಿನಿಯರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ವ್ಯವಸ್ಥೆ ಬಗ್ಗೆ ಹೇಳಲೇಬೇಕು. ಈ ದೀಪ ಬಂದ ಗಣಿಗಳಲ್ಲೆಲ್ಲ ‘ಲ್ಯಾಂಪ್ ರೂಂ’ ಅಂತ ಒಂದು ಕೋಣೆ. ಕೆಳಗಿಳಿಯೋ ಮುಂಚೆ ತನ್ನ ನಂಬರಿನ ಬಿಲ್ಲೆ ಕೊಟ್ಟು ತುಂಬಿದ ದೀಪ ಈಸ್ಕೊಳ್ಳೋದು, ಮೇಲೆ ಬಂದ ಮೇಲೆ ದೀಪ ವಾಪಸ್ ಕೊಟ್ಟು ಬಿಲ್ಲೆ ಈಸ್ಕೊಳ್ಳೋದು. ದೀಪ ರಾತ್ರಿಯಿಡೀ ಚಾರ್ಜಿಗೆ. ಇದರಿಂದ ಎರಡು ಕೆಲಸ ಆಗ್ತಿತ್ತು. ಚಾರ್ಜ್ ಮಾಡೋ ತಲೆನೋವು ಕೆಲಸಗಾರನದ್ದಲ್ಲ, ಗಣಿಯದ್ದು. ಮತ್ತೆ, ಪಾಳಿ ಮುಗಿದ ಮೇಲೂ ಯಾವ ನಂಬರಿನ ದೀಪದ ಗೂಡು ಖಾಲಿ ಇದೆಯೋ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಅಂತ ತಕ್ಷಣ ಗೊತ್ತಾಗ್ತಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೆಜಿಎಫ್‌ನ ಚಾಂಪಿಯನ್ ರೀಫ್‌ನಂಥ ಗಣಿಯಲ್ಲಿ ಒಂದು ಖಾಲಿ ಗೂಡಿಗೆ ಎಂಥ ಅರ್ಥ ಇದ್ದಿರಬಹುದು ಅಂತ ಯೋಚಿಸಿ. ಬ್ಯಾಟರಿ ಬರೀ ಬ್ಯಾಟರಿಯಾಗಿರಲಿಲ್ಲ, ಹಾಜರಿ ಪುಸ್ತಕವೂ ಆಗಿತ್ತು.

ಕೆಜಿಎಫ್ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಮಾತ್ರ ಚಿನ್ನದ ಗಣಿ ಈಗಲೂ ನಡೀತಾ ಇದೆ, ಅಲ್ಲಿ ಇವತ್ತೂ ತಲೆದೀಪ ಇಲ್ಲದೆ ಯಾರೂ ಕೆಳಗಿಳಿಯೋ ಹಾಗಿಲ್ಲ.

* * *

ಈಗ ದೊಡ್ಡಪ್ಪನ ಕಥೆ. ನಮ್ಮ ದೊಡ್ಡಪ್ಪನಿಗೆ ಐವತ್ತು ದಾಟೋ ಹೊತ್ತಿಗೆ ಕಿವಿ ಮಂದವಾಗಿತ್ತು. ಯಾವುದೋ ಶಿಬಿರದಲ್ಲಿ ಒಂದು ‘ಕಿವಿ ಮಿಷನ್ನು’ ಕೊಟ್ಟಿದ್ದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ, ಅಂಗಿ ಜೇಬಿನಲ್ಲಿ. ಅದರಿಂದ ಕಿವಿವರೆಗೆ ಒಂದು ವೈರು. ಒಳಗೆ ಒಂದು ಪೆನ್ಸಿಲ್ ಶೆಲ್ಲು. ಅದೇ ಗಣಿಯ ದೀಪದ ವಿನ್ಯಾಸ ನೋಡಿ: ಕೆಲಸ ಮಾಡೋದು ತಲೆಯ ಹತ್ತಿರ, ಶಕ್ತಿ ಇರೋದು ಕೆಳಗೆ, ನಡುವೆ ವೈರು.

ದೊಡ್ಡಪ್ಪ ಅದನ್ನು ದಿನವಿಡೀ ಹಾಕ್ಕೊಳ್ತಿರಲಿಲ್ಲ. ಶೆಲ್ಲು ಉಳಿಸ್ತಿದ್ರು. ತೋಟದಲ್ಲಿ ಒಬ್ಬರೇ ಇರೋವಾಗ ಆಫ್. ಊಟಕ್ಕೆ ಕೂತಾಗ ಆಫ್. ಯಾರಾದರೂ ನೆಂಟರು ಬಂದರೆ, ಸೊಸೈಟಿ ಮೀಟಿಂಗು ಇದ್ದರೆ, ಇಲ್ಲಾ ರೇಡಿಯೋದಲ್ಲಿ ವಾರ್ತೆ ಬಂದರೆ ಜೇಬಿಗೆ ಕೈ ಹಾಕಿ ಆನ್ ಮಾಡೋರು. ವೀಕಾದ ಶೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದೆರಡು ದಿನ ದೂಡೋರು. ಶೆಲ್ಲು ಎಷ್ಟಿದೆಯೋ ಅಷ್ಟೇ ಕಿವಿ. ಯಾವ ಮಾತಿಗೆ ಶೆಲ್ಲು ಖರ್ಚು ಮಾಡಬೇಕು, ಯಾವುದಕ್ಕೆ ಬೇಡ ಅಂತ ಅವರೇ ತೀರ್ಮಾನ ಮಾಡ್ತಿದ್ರು.

ಒಂದು ಸಂಜೆ ಅವರ ಮಗಳು, ನಮ್ಮಕ್ಕ, ಹೊನ್ನಾಳಿ ಬಸ್ಸಿಳಿದು ಬಂದವಳು ಕಟ್ಟೆ ಮೇಲೆ ಪಕ್ಕದಲ್ಲಿ ಕೂತು ಬಹಳ ಹೊತ್ತು ಮಾತಾಡಿದಳು. ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಹೋಗ್ಲಾ ಬೇಡ್ವಾ ಅಂತ. ದೊಡ್ಡಪ್ಪ ತಲೆ ಅಲ್ಲಾಡಿಸ್ತಾ ಇದ್ರು, ನಗ್ತಾನೂ ಇದ್ರು. ಅಕ್ಕನಿಗೆ ಎದೆ ಹಗುರಾಯ್ತು. ಬೆಳಿಗ್ಗೆ ಅವಳು ಬ್ಯಾಗು ಹಿಡಿದು ಹೊರಟಾಗ ದೊಡ್ಡಪ್ಪ ಕೇಳಿದರು, “ಭಾನುವಾರ ಬರ್ತೀಯಲ್ಲಮ್ಮ?” ಅಕ್ಕ ಗಾಬರಿಯಾಗಿ “ಅಪ್ಪಾಜಿ, ನಿನ್ನೆ ಎಲ್ಲಾ ಹೇಳಿದ್ನಲ್ಲ...” ಅಂದಳು. ಅವರು ಜೇಬು ಮುಟ್ಟಿ ನೋಡ್ಕೊಂಡು, “ಶೆಲ್ಲು ಹೋಗಿತ್ತು ಕಣಮ್ಮ” ಅಂದ್ರು. ಅಷ್ಟೇ. ಆ ಬಸ್ಸು ಹೋಯ್ತು, ಮುಂದಿನ ಬಸ್ಸಿಗೆ ಅವಳು ಹೊರಟಳು. ಮಧ್ಯೆ ಸಿಕ್ಕ ಎರಡು ಗಂಟೆಯಲ್ಲಿ ಅಂಗಡಿಯಿಂದ ಶೆಲ್ಲು ತಂದು ಹಾಕಿ ಮತ್ತೆ ಮೊದಲಿಂದ ಎಲ್ಲ ಹೇಳಿದಳು.

ಬ್ಯಾಟರಿ ಬಾಳಿಕೆ ಅಂತ ಯಾರಾದರೂ ಅಂದಾಗಲೆಲ್ಲ ನನಗೆ ನೆನಪಾಗೋದು ಆ ಜೇಬು ಮುಟ್ಟಿ ನೋಡಿಕೊಂಡ ಕೈ.

ಕಿವಿ ಮಿಷನ್ನಿನ ಚರಿತ್ರೆ ಗಣಿಯ ದೀಪಕ್ಕಿಂತ ಹಳೆಯದು. ಮಿಲ್ಲರ್ ರೀಸ್ ಹಚಿಸನ್ ಅನ್ನೋ ಅಮೆರಿಕದ ತರುಣ 1898ರ ಹೊತ್ತಿಗೆ ವಿದ್ಯುತ್ತಿನ ಶ್ರವಣ ಸಾಧನ ಮಾಡಿದ. ಮುಂದೆ ಅವನೇ ಎಡಿಸನ್ ಹತ್ತಿರ ಮುಖ್ಯ ಎಂಜಿನಿಯರ್ ಆಗಿ ಸೇರಿ ಅದೇ ನಿಕಲ್-ಕಬ್ಬಿಣದ ಬ್ಯಾಟರಿಯನ್ನು ಸಬ್‌ಮೆರಿನ್‌ಗಳಿಗೆ ಅಳವಡಿಸೋಕೆ ಓಡಾಡಿದ. ಕಿವಿಯ ಯಂತ್ರ, ಗಣಿಯ ದೀಪ ಎರಡೂ ಒಂದೇ ಓಣಿಯಲ್ಲಿ ಬೆಳೆದ ಮಕ್ಕಳು ಅನ್ನಬಹುದು.

1930ರ, 40ರ ದಶಕಗಳಲ್ಲಿ ವ್ಯಾಕ್ಯೂಮ್ ಟ್ಯೂಬಿನ ಶ್ರವಣ ಸಾಧನಗಳು ಬಂದ್ವು. ಟ್ಯೂಬಿನ ತಂತಿ ಕಾಯಿಸೋಕೆ ಒಂದು ಬ್ಯಾಟರಿ, ಹೆಚ್ಚು ವೋಲ್ಟೇಜಿಗೆ ಇನ್ನೊಂದು. ಎರಡನ್ನೂ ಬಟ್ಟೆಯೊಳಗೆ ಕಟ್ಟಿಕೊಂಡು ಓಡಾಡಬೇಕಿತ್ತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಅದನ್ನು ಬಳಸಿದ ಮೊದಲ ಮನೆಬಳಕೆಯ ವಸ್ತು ರೇಡಿಯೋ ಅಂತ ಬಹಳ ಜನ ಅಂದ್ಕೊಂಡಿದ್ದಾರೆ, ಅಲ್ಲ! 1952ರ ಕೊನೆಗೆ ಮಾರಾಟಕ್ಕೆ ಬಂದ ಸೋನೋಟೋನ್ ಕಂಪನಿಯ ಶ್ರವಣ ಸಾಧನ. ಟ್ರಾನ್ಸಿಸ್ಟರ್ ರೇಡಿಯೋ ಬಂದಿದ್ದು 1954ರಲ್ಲಿ. ಗ್ರಹಾಂ ಬೆಲ್ ಜೀವಮಾನವಿಡೀ ಕಿವುಡರಿಗಾಗಿ ದುಡಿದವನು ಅಂತ, ಅವನ ನೆನಪಿಗೆ ಶ್ರವಣ ಸಾಧನ ಮಾಡುವವರಿಗೆ ಟ್ರಾನ್ಸಿಸ್ಟರಿನ ರಾಯಧನವನ್ನೇ ಬಿಟ್ಟುಕೊಟ್ಟಿದ್ದರು.

ಇಲ್ಲೊಂದು ವಿಷಯ ಗಮನಿಸಿ. ಟ್ಯೂಬು ಹೋಗಿ ಟ್ರಾನ್ಸಿಸ್ಟರ್ ಬಂದಾಗ ಬ್ಯಾಟರಿಯಲ್ಲಿ ದೊಡ್ಡ ಕ್ರಾಂತಿಯೇನೂ ಆಗಿರಲಿಲ್ಲ. ತೂಬು ಇಳಿಯಿತು, ಅಷ್ಟೇ. ಯಂತ್ರ ಎಳೆಯೋ ವಿದ್ಯುತ್ತು ಎಷ್ಟೋ ಪಾಲು ಕಡಿಮೆಯಾಯಿತು. ಎರಡು ಬ್ಯಾಟರಿಯ ಗಂಟು ಒಂದು ಪುಟ್ಟ ಶೆಲ್ಲಾಯಿತು, ಡಬ್ಬಿ ಕಿವಿಯ ಹಿಂದೆ ಹೋಯಿತು, ಆಮೇಲೆ ಕಿವಿಯ ಒಳಗೇ ಹೋಯಿತು. 1970ರ ದಶಕದಲ್ಲಿ ಬಂದ ಸತು-ಗಾಳಿ ಗುಂಡಿ ಶೆಲ್ಲು (ಸ್ಟಿಕ್ಕರ್ ಕಿತ್ತ ಕೂಡಲೇ ಗಾಳಿ ಹೀರಿ ಕೆಲಸ ಶುರು ಮಾಡೋದು) ಅದಕ್ಕೆ ಒತ್ತಾಸೆಯಾಯಿತು. ಈಗಿನ ಶ್ರವಣ ಸಾಧನ ಅಂಥ ಒಂದು ಗುಂಡಿಯ ಮೇಲೆ ದಿನಗಟ್ಟಲೆ ನಡೆಯುತ್ತೆ. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದವರು ಜೇಬಿನ ಡಬ್ಬಿಯಿಂದ ಕಿವಿಯ ಹಿಂದಿನ ಎಸಳಿನವರೆಗಿನ ಈ ಪಯಣವನ್ನು ಕಣ್ಣಾರೆ ಕಂಡಿರ್ತಾರೆ.

ಗಣಿಯ ದೀಪದಲ್ಲೂ ಆಗಿದ್ದು ಇದೇ. ಬೆಳ್ಳಗಿನ ಎಲ್‌ಇಡಿ ಬಂದ ಮೇಲೆ (ಅದಕ್ಕೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಗೆ 2014ರಲ್ಲಿ ನೊಬೆಲ್ ಬಂತು) ಒಂದು ವ್ಯಾಟ್‌ಗೆ ಸಿಗೋ ಬೆಳಕು ಹಳೆ ಬಲ್ಬಿಗಿಂತ ಹತ್ತು ಪಟ್ಟಿನ ಹತ್ತಿರ ಹೋಯಿತು. ಜೊತೆಗೆ ಲಿಥಿಯಂ ಬ್ಯಾಟರಿಯೂ ಸಿಕ್ಕಿತು. ಸೊಂಟದ ಭಾರ ಕಳಚಿ, ವೈರು ಮಾಯವಾಗಿ, ಬ್ಯಾಟರಿ ದೀಪದ ಜೊತೆಗೇ ಹೆಲ್ಮೆಟ್ಟಿಗೆ ಏರಿತು. ನಮ್ಮೂರಲ್ಲಿ ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಅಡಿಕೆ ತೋಟಕ್ಕೆ ನೀರು ಕಟ್ಟೋಕೆ ಹೋಗೋ ಹುಡುಗರು ಹಣೆಗೆ ಕಟ್ಟೋದು ಅದರದ್ದೇ ಅಗ್ಗದ ತಮ್ಮ. ಎರಡೂ ಕೈ ಖಾಲಿ, ಸಲಿಕೆ ಹಿಡಿಯಬಹುದು, ಕಾಲ ಬಳಿ ಹಾವು ಇದ್ದರೆ ಕಾಣುತ್ತೆ. ಬೆಳಗಿನ ಜಾವದವರೆಗೆ ಬೆಳಕು ಉಳಿಯುತ್ತೆ. ಇದು ಸಣ್ಣ ಸಾಧನೆಯಲ್ಲ.

* * *

ಈಗ ಕಣ್ಣಿಗೆ ಬರೋಣ. ತಲೆಗೆ ಕಟ್ಟುವ ಕಂಪ್ಯೂಟರ್ ಪರದೆಯನ್ನು ಇವಾನ್ ಸದರ್ಲೆಂಡ್ 1968ರಲ್ಲಿ ತೋರಿಸಿದಾಗ ಬ್ಯಾಟರಿಯ ಪ್ರಶ್ನೆಯೇ ಇರಲಿಲ್ಲ. ಅದನ್ನು ಚಾವಣಿಯಿಂದ ಇಳಿಬಿಟ್ಟಿದ್ದರು, ಮನುಷ್ಯ ಅದರ ಕೆಳಗೆ ಹೋಗಿ ನಿಲ್ಲಬೇಕಿತ್ತು. ‘ಆಗ್ಮೆಂಟೆಡ್ ರಿಯಾಲಿಟಿ’ ಅನ್ನೋ ಹೆಸರು 1990ರ ಸುಮಾರಿಗೆ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಇಟ್ಟದ್ದು. ವಿಮಾನದ ವೈರಿಂಗ್ ಮಾಡುವವರಿಗೆ ಕಣ್ಣೆದುರೇ ನಕ್ಷೆ ಕಾಣಲಿ ಅಂತ. 1997ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಟೀವನ್ ಫೈನರ್ ತಂಡ ಹೊರಗೆ ಓಡಾಡಬಲ್ಲ ಒಂದನ್ನು ಮಾಡಿತು. ಕಂಪ್ಯೂಟರು, ಬ್ಯಾಟರಿ ಎಲ್ಲ ಬೆನ್ನ ಮೇಲಿನ ದೊಡ್ಡ ಚೀಲದಲ್ಲಿ. ಮತ್ತೆ ಅದೇ ಗಣಿಗಾರನ ವಿನ್ಯಾಸ.

ನಮ್ಮ ಬೆಂಗಳೂರಿನಲ್ಲೂ ಇದರ ಒಂದು ರೂಪ ಇದೆ. ತೇಜಸ್ ಯುದ್ಧವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ, ಕೆಜಿಎಫ್ ಮುಚ್ಚೋಕೆ ಎರಡು ತಿಂಗಳೂ ಇರಲಿಲ್ಲ. ಆಮೇಲೆ ಆ ವಿಮಾನದ ಪೈಲಟ್‌ಗೆ ಸಿಕ್ಕ ಹೆಲ್ಮೆಟ್ಟಿನಲ್ಲಿ ಗುರಿಯ ಗುರುತು ಕಣ್ಣೆದುರೇ ಮೂಡುತ್ತೆ. ಆದರೆ ಅದಕ್ಕೆ ವಿದ್ಯುತ್ತು ವಿಮಾನದಿಂದಲೇ, ವೈರಿನ ಮೂಲಕ. ಪೈಲಟ್ ಸೀಟು ಬಿಟ್ಟು ಏಳಲ್ಲವಲ್ಲ, ಹಾಗಾಗಿ ನಡೆಯುತ್ತೆ. ಕೆರೆ ದೊಡ್ಡದು ಮಾಡಬೇಕಾಗಿಲ್ಲ, ನದಿಗೇ ಕೊಳವೆ ಹಾಕಿದ ಹಾಗೆ.

ಕಷ್ಟ ಶುರುವಾಗಿದ್ದು ವೈರು ಕತ್ತರಿಸಿದ ಮೇಲೆ. 2013ರಲ್ಲಿ ಗೂಗಲ್ ಗ್ಲಾಸ್ ಬಂತು. ಹಗುರಾದ ಕನ್ನಡಕ, ಕಿವಿಯ ಹಿಂದೆ ಒಂದು ಪುಟ್ಟ ಬ್ಯಾಟರಿ: 570 ಮಿಲಿ ಆಂಪಿಯರ್-ಅವರ್. ವೋಲ್ಟೇಜಿನಿಂದ ಗುಣಿಸಿದರೆ ಸುಮಾರು 2.1 ವ್ಯಾಟ್-ಅವರ್. ಗಣಿಗಾರನ ಸೊಂಟದಲ್ಲಿದ್ದದ್ದರ ಮೂವತ್ತನೇ ಒಂದು ಪಾಲು! ಸುಮ್ಮನೆ ಹಾಕಿಕೊಂಡಿದ್ದರೆ ದಿನ ಕಳೀತಿತ್ತು, ವಿಡಿಯೋ ತೆಗೆಯೋಕೆ ಹೊರಟರೆ ಒಂದು ಗಂಟೆಯೊಳಗೆ ಕಥೆ ಮುಗೀತಿತ್ತು. 2017ರಲ್ಲಿ ಕಾರ್ಖಾನೆಗಳಿಗೆ ಅಂತ ಬಂದ ಆವೃತ್ತಿಯಲ್ಲಿ ಅದು 780 ಆಯಿತು, 2019ರದ್ದರಲ್ಲಿ 820. 2023ರಲ್ಲಿ ಗೂಗಲ್ ಅದನ್ನು ಮಾರೋದೇ ನಿಲ್ಲಿಸಿತು.

ಮೈಕ್ರೋಸಾಫ್ಟಿನ ಹೋಲೋಲೆನ್ಸ್ 2016ರಲ್ಲಿ ಬಂತು. ತೂಕ 579 ಗ್ರಾಂ, ಬಾಳಿಕೆ 2ರಿಂದ 3 ಗಂಟೆ. 2019ರ ಎರಡನೇ ಹೋಲೋಲೆನ್ಸ್ 566 ಗ್ರಾಂ, ಬಾಳಿಕೆ ಮತ್ತದೇ 2ರಿಂದ 3 ಗಂಟೆ. ಬ್ಯಾಟರಿಯನ್ನು ತಲೆಯ ಹಿಂಭಾಗಕ್ಕೆ ಸರಿಸಿ ಮೂಗಿನ ಮೇಲಿನ ಭಾರ ತಗ್ಗಿಸಿದರು, ತಕ್ಕಡಿಗೆ ಕಲ್ಲು ಇಟ್ಟ ಹಾಗೆ. 2024ರಲ್ಲಿ ಅದರ ತಯಾರಿಕೆಯೂ ನಿಂತಿತು. 2018ರ ಮ್ಯಾಜಿಕ್ ಲೀಪ್ ಒನ್ ಕಂಪ್ಯೂಟರು, ಬ್ಯಾಟರಿ ಎರಡನ್ನೂ ಸೊಂಟಕ್ಕೆ ಸಿಕ್ಕಿಸುವ ಬಿಲ್ಲೆಯಲ್ಲಿ ಇಟ್ಟಿತು. ಸುಮಾರು 3 ಗಂಟೆ.

ಆಮೇಲೆ 2024ರ ಫೆಬ್ರುವರಿಯಲ್ಲಿ ಆಪಲ್ ವಿಷನ್ ಪ್ರೋ. ಹೆಡ್‌ಸೆಟ್ಟೇ 600 ಗ್ರಾಂ ದಾಟಿತ್ತು. ಬ್ಯಾಟರಿ ಬೇರೆ, 353 ಗ್ರಾಂ, ಜೇಬಿನಲ್ಲಿ, ವೈರಿನ ತುದಿಯಲ್ಲಿ. 35.9 ವ್ಯಾಟ್-ಅವರ್. ಬಾಳಿಕೆ 2 ಗಂಟೆ. 2025ರ ಹೊಸ ಆವೃತ್ತಿಯಲ್ಲಿ ಎರಡೂವರೆ. ಫೋಟೋ ನೋಡಿದ ತಕ್ಷಣ ನನಗೆ ಮೊದಲು ಹೊಳೆದದ್ದು ದೊಡ್ಡಪ್ಪನ ಅಂಗಿ ಜೇಬು, ಆಮೇಲೆ 1914ರ ಎಡಿಸನ್ ದೀಪ. ಭೂಮಂಡಲದ ಅತಿ ಶ್ರೀಮಂತ ಕಂಪನಿಗಳಲ್ಲೊಂದು ನೂರು ವರ್ಷದ ನಂತರ ಅದೇ ವೈರಿಗೆ ಬಂದು ನಿಂತಿತ್ತು!

ಲೆಕ್ಕ ಹಾಕಿ ನೋಡಿ. ಗಣಿಯ ದೀಪ 64 ವ್ಯಾಟ್-ಅವರ್ ಇಟ್ಟುಕೊಂಡು 4 ವ್ಯಾಟ್ ಎಳೀತಿತ್ತು. ಇದು 36 ಇಟ್ಟುಕೊಂಡು ಹೆಚ್ಚುಕಡಿಮೆ 18 ಎಳೆಯುತ್ತೆ. ಬ್ಯಾಟರಿಯ ರಸಾಯನ ಏನೂ ಕೂತಿರಲಿಲ್ಲ. ಸೀಸ-ಆಮ್ಲದಲ್ಲಿ ಕೆಜಿಗೆ 30-40 ವ್ಯಾಟ್-ಅವರ್ ಇದ್ದದ್ದು ಒಳ್ಳೆಯ ಲಿಥಿಯಂ ಶೆಲ್ಲಿನಲ್ಲಿ ಈಗ 250ರ ಹತ್ತಿರ ಇದೆ. ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿದ್ದು 1991ರಲ್ಲಿ. ಅದಕ್ಕೆ ಅಡಿಪಾಯ ಹಾಕಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರಲ್ಲಿ ನೊಬೆಲ್. ಆದರೆ ರಸಾಯನಶಾಸ್ತ್ರ ಚಿಪ್ಪುಗಳ ಹಾಗೆ ಎರಡು ವರ್ಷಕ್ಕೆ ದುಪ್ಪಟ್ಟಾಗಲ್ಲ. ವರ್ಷಕ್ಕೆ ಕೆಲವೇ ಶೇಕಡಾ, ನಿಧಾನಕ್ಕೆ, ತೆಂಗಿನ ಮರ ಬೆಳೆದ ಹಾಗೆ. ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಾಲ-ಅಲ್ಲಾಪಟ್ಟಣದ ಬಳಿ 1,600 ಟನ್ ಲಿಥಿಯಂ ಇರುವ ಅಂದಾಜಿದೆ ಅಂತ 2021ರಲ್ಲಿ ಕೇಂದ್ರ ಸರ್ಕಾರ ಹೇಳಿದಾಗ ಬಹಳ ಸಂಭ್ರಮವಾಗಿತ್ತು. ಲಿಥಿಯಂ ಎಷ್ಟೇ ಸಿಕ್ಕರೂ ಒಂದು ಕೆಜಿ ಶೆಲ್ಲಿನಲ್ಲಿ ಹಿಡಿಯೋ ವಿದ್ಯುತ್ತು ಹೆಚ್ಚಲ್ಲ ಅನ್ನೋದು ಬೇರೆ ಮಾತು.

ಹಾಗಾದ್ರೆ ತೂಬು ಯಾಕೆ ಇಳಿಸೋಕಾಗಲ್ಲ? ಕಷ್ಟ ಇದೆ. ಕನ್ನಡಕದ ಪರದೆ ಸೂರ್ಯನ ಬೆಳಕಿನ ಜೊತೆ ಪೈಪೋಟಿಗೆ ಇಳೀಬೇಕು, ನಮ್ಮ ಏಪ್ರಿಲ್ ಬಿಸಿಲಿನಲ್ಲಂತೂ ಕೇಳೋದೇ ಬೇಡ. ಗಾಜಿನ ಒಳಗೇ ಬೆಳಕನ್ನು ಹರಿಸಿ ಕಣ್ಣಿಗೆ ತಲುಪಿಸೋವಾಗ ಅದರ ಬಹುಪಾಲು ದಾರಿಯಲ್ಲೇ ಕಳೆದುಹೋಗುತ್ತೆ, ಮಣ್ಣಿನ ನಾಲೆಯಲ್ಲಿ ನೀರು ಇಂಗಿದ ಹಾಗೆ. ನೀವು ತಲೆ ತಿರುಗಿಸಿದರೆ ಚಿತ್ರ ಜಾಗ ಬಿಟ್ಟು ಕದಲಬಾರದು. ಅದಕ್ಕೆ ಕ್ಯಾಮೆರಾಗಳು ಸದಾ ನೋಡ್ತಾ ಇರಬೇಕು, ಚಿಪ್ಪು ಸದಾ ಲೆಕ್ಕ ಹಾಕ್ತಾ ಇರಬೇಕು. ಗಣಿಯ ದೀಪಕ್ಕೆ ಕಣ್ಣಿರಲಿಲ್ಲ, ಇದಕ್ಕೆ ಹತ್ತಾರು ಕಣ್ಣು. ಮತ್ತೆ, ಎಳೆದ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗುತ್ತೆ. ಆ ಬಿಸಿ ನಮ್ಮ ಕಣತಲೆಯ ಪಕ್ಕದಲ್ಲೇ. ಹಾಗಾಗಿ ನಾಳೆ ಬೆಳಿಗ್ಗೆ ಹತ್ತು ಪಟ್ಟು ದೊಡ್ಡ ಬ್ಯಾಟರಿ ಸಿಕ್ಕರೂ, ತೂಬು ಇಳಿಸದೆ ಅದನ್ನು ಕನ್ನಡಕದಲ್ಲಿ ಹಾಕಿಕೊಳ್ಳೋಕೆ ಆಗಲ್ಲ.

ಈಗ ದಾರಿ ಹಿಡಿದಿರೋದು ಅತಿ ಆಸೆ ಬಿಟ್ಟವರು. 2025ರಲ್ಲಿ ಮೆಟಾ ಕಂಪನಿ ರೇಬ್ಯಾನ್ ಜೊತೆ ಸೇರಿ ತಂದ ಪರದೆಯ ಕನ್ನಡಕ 69 ಗ್ರಾಂ. ಜಗತ್ತನ್ನೆಲ್ಲ ಚಿತ್ರದಿಂದ ತುಂಬಿಸೋ ಗೋಜಿಗೇ ಹೋಗದೆ ಒಂದು ಕಣ್ಣಿನ ಮೂಲೆಯಲ್ಲಿ ಸಣ್ಣ ಪರದೆ ಇಟ್ಟರು. ಬೇಕಾದಾಗ ಮಾತ್ರ ಉರಿಯುತ್ತೆ. ಬಾಳಿಕೆ 6 ಗಂಟೆ ಅಂತಾರೆ. ಕನ್ನಡಕದ ಡಬ್ಬಿಯಲ್ಲೇ ಇನ್ನೊಂದು ಬ್ಯಾಟರಿ, ಮಧ್ಯೆ ಮಧ್ಯೆ ಡಬ್ಬಿಗಿಟ್ಟು ತುಂಬಿಸಿಕೊಳ್ಳಬಹುದು. ತೂಬು ಇಳಿಸಿದರು, ಏತವನ್ನೂ ಹಾಕಿದರು. ಎದುರಿಗಿರುವವರ ಮಾತನ್ನು ಅಕ್ಷರವಾಗಿ ಕಣ್ಣೆದುರು ತೋರಿಸೋ ಕೆಲಸವನ್ನೂ ಅದು ಮಾಡುತ್ತೆ.

* * *

ನನಗೆ ಇದರಲ್ಲಿ ಆಸಕ್ತಿ ಬಂದಿದ್ದೇ ಆ ಕೊನೆಯ ವಾಕ್ಯಕ್ಕೆ. ಮಾತು ಅಕ್ಷರವಾಗೋ ಕನ್ನಡಕ ದೊಡ್ಡಪ್ಪನಂಥವರಿಗೆ ಆಟದ ಸಾಮಾನಲ್ಲ. ಒಂದು ದಿನ ಅದು ಕನ್ನಡದಲ್ಲೂ, ನಮ್ಮ ಕಡೆಯ “ಬರ್ತೀಯೇನಮ್ಮ”, “ಹೋಗೈತೆ”ಗಳನ್ನೂ ಬರೆದು ತೋರಿಸೋ ಹಾಗಾದರೆ ಎಷ್ಟು ಚೆನ್ನ. ಆದರೆ ಆಗ ಕೇಳಬೇಕಾದ ಮೊದಲ ಪ್ರಶ್ನೆ ಪರದೆ ಎಷ್ಟು ಚೆಂದ ಅನ್ನೋದಲ್ಲ. ಯಾರ ದಿನವನ್ನು ಅಳೆದು ಬ್ಯಾಟರಿ ಕಟ್ಟಿದ್ದಾರೆ ಅನ್ನೋದು.

ನಮ್ಮೂರ ಮದುವೆ ಬೆಳಿಗ್ಗೆ ಆರಕ್ಕೆ ಶುರುವಾದರೆ ಕೊನೆ ಪಂಕ್ತಿ ಏಳೋದು ಮಧ್ಯಾಹ್ನ ಮೂರಕ್ಕೆ. ಎರಡು ಗಂಟೆಯ ಕನ್ನಡಕಕ್ಕೆ ಧಾರೆಯ ಮಂತ್ರ ಕಾಣಬಹುದು, ಪಂಕ್ತಿಯಲ್ಲಿ ಪಕ್ಕದವರು ಹೇಳೋ ಮನೆ ಮಾತು ಕಾಣಲ್ಲ. ನಿಜವಾದ ಮಾತು ನಡೆಯೋದು ಅಲ್ಲೇ. ಕರೆಂಟು ಹೋದ ಸಂಜೆ ಚಾರ್ಜಿಗೆ ಎಲ್ಲಿ ಹಾಕೋದು, ಎರಡು ವರ್ಷಕ್ಕೆ ಲಿಥಿಯಂ ಶೆಲ್ಲು ಸೊರಗಿದರೆ ಬದಲಿಸೋಕೆ ಬರುತ್ತೋ ಇಲ್ಲ ಇಡೀ ಕನ್ನಡಕವನ್ನೇ ಎಸೀಬೇಕೋ ಅನ್ನೋದೂ ಅಷ್ಟೇ ಮುಖ್ಯ. ದೊಡ್ಡಪ್ಪನ ಡಬ್ಬಿಗೆ ಎಷ್ಟೇ ಕುಂದಿದ್ದರೂ ಊರಿನ ಅಂಗಡಿಯಲ್ಲಿ ಸಿಗೋ ಶೆಲ್ಲು ಹಾಕಿ ಅರ್ಧ ನಿಮಿಷದಲ್ಲಿ ಕಿವಿ ವಾಪಸ್ ಪಡೀಬಹುದಿತ್ತು. ಅಕ್ಕ ಹೊರಡೋ ಮುಂಚೆ ಮಾತು ಮುಗಿಸೋಕಾಗಿದ್ದು ಅದರಿಂದಲೇ. ಅಂಟು ಹಾಕಿ ಮುಚ್ಚಿದ ಈಗಿನ ಯಂತ್ರಗಳಲ್ಲಿ ಆ ಅವಕಾಶ ಇಲ್ಲ.

ಗಣಿಯ ಲ್ಯಾಂಪ್ ರೂಮಿನಿಂದ ನಾನು ಕಲಿತದ್ದು ಇಷ್ಟು: ಪಾಳಿಗಿಂತ ದೀಪದ ಆಯಸ್ಸು ಉದ್ದ ಇರಬೇಕು, ತುಂಬಿಸೋ ಚಿಂತೆ ಹೊತ್ತವನ ತಲೆಗೆ ಬರಬಾರದು. ಎಡಿಸನ್ ಕಾಲದವರು ಭಾರದ ಸೀಸ, ಕಬ್ಬಿಣ ಇಟ್ಟುಕೊಂಡೇ ಅದನ್ನು ಮಾಡಿ ತೋರಿಸಿದರು. ಬೇರೆ ಗಣಿ, ಬೇರೆ ಕತ್ತಲು, ಆದರೆ ಅಳತೆಗೋಲು ಅದೇ ಇರಲಿ ಅಂತ ನನ್ನ ಆಸೆ.

ನಿಮ್ಮಲ್ಲಿ ಯಾರ ಮನೆಯ ಹಿರಿಯರಾದರೂ ಕೆಜಿಎಫ್ ಅಥವಾ ಹಟ್ಟಿ ಗಣಿಯಲ್ಲಿ ಕೆಲಸ ಮಾಡಿದ್ದರೆ ಅವರನ್ನು ಕೂರಿಸಿಕೊಂಡು ಆ ದೀಪದ ಬಗ್ಗೆ ಕೇಳಿ, ನಿಮ್ಮ ಬ್ಲಾಗಿನಲ್ಲಿ ಬರೀರಿ. ಸೊಂಟದಲ್ಲಿ ಅದರ ಭಾರ ಹೇಗಿತ್ತು, ದೀಪ ಮಂಕಾಗೋಕೆ ಶುರುವಾದರೆ ಏನು ಮಾಡ್ತಿದ್ರು, ಲ್ಯಾಂಪ್ ರೂಮಿನಲ್ಲಿ ಏನು ಮಾತು ನಡೀತಿತ್ತು... ಪುಸ್ತಕಗಳಲ್ಲಿ ಚಿನ್ನದ ತೂಕ ಸಿಗುತ್ತೆ, ಇದು ಸಿಗಲ್ಲ. ಹಾಗೇ ನಿಮ್ಮೂರಲ್ಲಿ ಟಾರ್ಚಿಗೆ, ಅದರ ಶೆಲ್ಲಿಗೆ ಏನಂತಾರೆ ಅನ್ನೋದನ್ನೂ ತಿಳಿಸಿ. ಕಾಯ್ತಾ ಇರ್ತೀನಿ.